ಹೆಸರು ಬರೆದ ಕೈಗವಸಿನ ಪರವಾಗಿ ತೀರ್ಪುಗಾರರಿಗೊಂದು ಮನವಿ

ಮಾನ್ಯರೇ,

ಇಂಡಿಯಾನಾ ರಾಜ್ಯದ ವಿನ್‌ಫ್ರೆಡ್ ಎಂಬ ನಮ್ಮ ಸಣ್ಣ ಊರಿನ ಸಮಸ್ತರ ಪರವಾಗಿ, ಅದರಲ್ಲೂ ನನ್ನ ಸೋದರತ್ತೆ ಅರ್ಡಿತ್ ಸ್ಲೋಕಮ್ ಅವರ ಪರವಾಗಿ, ಹಳೆಯ ಬೇಸ್‌ಬಾಲ್ ಕೈಗವಸುಗಳ ಸಂಗ್ರಾಹಕರ ಸಂಘದ ಹಿರಿಯ ತೀರ್ಪುಗಾರರಾದ ಶ್ರೀಮಾನ್ ಥರ್ಲೋ ಬೆಕ್‌ವಿತ್ ಅವರ ಸನ್ನಿಧಾನಕ್ಕೆ ಅನೇಕ ವಂದನೆಗಳು. ತಾವು ಸುಖವಾಗಿ ಊರು ತಲುಪಿದ್ದೀರೆಂದೂ ತಮ್ಮ ಎಡ ಅಂಗೈಯ ಊತ ಇಳಿದಿದೆಯೆಂದೂ ನಂಬಿದ್ದೇನೆ. ಆ ಊತದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಳೆದ ಶನಿವಾರ ನಮ್ಮ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ತಮ್ಮ ಸಂಘದ ವಾರ್ಷಿಕ ಪ್ರದರ್ಶನ ನಡೆದದ್ದು ಊರಿಗೇ ಹೆಮ್ಮೆಯ ಸಂಗತಿ. ತಮ್ಮ ನಿಷ್ಪಕ್ಷಪಾತವನ್ನಂತೂ ಹೊಗಳಲು ನನ್ನಲ್ಲಿ ಮಾತಿಲ್ಲ. ತಮ್ಮದೇ ಸಂಗ್ರಹದ ಕೈಗವಸೊಂದು ತಮ್ಮ ಹೆಸರನ್ನು ಹೊತ್ತು ಮೇಜಿನ ಮೇಲೆ ಬಂದಾಗ ತಾವು ತಟ್ಟನೆ ಎದ್ದು, ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟಿರಿ. "ನನ್ನ ಹೆಸರಿರೋ ಗ್ಲೌಸಿನ ಬಗ್ಗೆ ನಾನು ಒಳ್ಳೇದೂ ಹೇಳೋ ಹಾಗಿಲ್ಲ, ಕೆಟ್ಟದ್ದೂ ಹೇಳೋ ಹಾಗಿಲ್ಲ. ನಿಯಮ ಅಂದ್ರೆ ನಿಯಮ," ಎಂದು ಗೋಡೆಗೇ ಹೇಳಿದಿರಿ. ಹಿಂದಿನ ಸಾಲಿನಲ್ಲಿ ಕೂತಿದ್ದ ನಮಗೆಲ್ಲ ಆ ಮಾತು ಮನಸ್ಸಿಗೆ ನಾಟಿತು. ಈಗಲೂ ನಾಟಿಯೇ ಇದೆ.

ಮುಂದಿನ ಮೇಜಿನಲ್ಲಿ ತಮ್ಮ ಮುಂದೆ ಬಂದದ್ದು ನಮ್ಮ ಅತ್ತೆಯ ಕೈಗವಸು. ಅದರ ಹಿನ್ನೆಲೆ ತಮಗೆ ಹೇಳಲು ಅತ್ತೆ ಬಾಯಿ ತೆರೆದಾಗ ತಾವು "ಕಥೆ ಬೇಡಮ್ಮ, ಚರ್ಮ ನೋಡೋಣ" ಎಂದಿದ್ದರಿಂದ ಅದನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇನೆ. ನಮ್ಮ ಊರಿನಲ್ಲಿ ಹಿಂದೆ ಟೊಮೇಟೊ ಡಬ್ಬಿಗೆ ತುಂಬುವ ಕಾರ್ಖಾನೆಯಿತ್ತು. ಕಾರ್ಖಾನೆಗೊಂದು ತಂಡವಿತ್ತು. ತಂಡಕ್ಕೆ ಮೊದಲ ಬೇಸಿನಲ್ಲಿ ನಿಲ್ಲುವವನ ದಪ್ಪ ಕೈಗವಸು ಇದ್ದದ್ದು ಒಂದೇ ಒಂದು. ಆ ದಿನ ಯಾರ ಸರದಿಯೋ ಅವರ ಕೈಗೆ ಅದು. ಅದನ್ನು ತೊಟ್ಟು ಪಂದ್ಯದ ಕೊನೆಯ ಆಟಗಾರನನ್ನು ಔಟ್ ಮಾಡಿ ಗೆಲ್ಲಿಸಿಕೊಟ್ಟವನ ಹೆಸರನ್ನು ಕೈಗವಸಿನ ಮೇಲೆ ಬರೆಯುವುದು ತಂಡದ ಪದ್ಧತಿ. ಬರೆಯುತ್ತಿದ್ದವರು ಅತ್ತೆ. ಏಕೆಂದರೆ ಕಾರ್ಖಾನೆಯಲ್ಲಿ ಟೊಮೇಟೊ ಪೆಟ್ಟಿಗೆಗಳ ಮೇಲೆ ಊರುಗಳ ಹೆಸರು ಬರೆಯುವ ಕೆಲಸ ಅವರದು, ಅಳಿಸದ ಮಸಿ ಇದ್ದದ್ದು ಅವರ ಕೈಯಲ್ಲಿ. ಮೊದಲ ಹೆಸರು ಅತ್ತೆಯ ಅಣ್ಣ ಮೆರ್ಲ್ ಅವರದು.

ಇಂದು ಕಾರ್ಖಾನೆಯಿಲ್ಲ. ಆಟದ ಬಯಲಿನ ಮೇಲೆ ಗೋದಾಮು ನಿಂತಿದೆ. ಆ ತಂಡದಲ್ಲಿ ಆಡಿದವರೆಲ್ಲ ಮಣ್ಣಿನ ಕೆಳಗಿದ್ದಾರೆ. ತಂಡ ಇತ್ತೆನ್ನಲು ಉಳಿದ ಸಾಕ್ಷಿ ಈ ಕೈಗವಸೊಂದೇ. ನಮ್ಮ ಜಿಲ್ಲೆಯ ವಸ್ತುಸಂಗ್ರಹಾಲಯದವರು ಹೊಸದಾಗಿ ಗಾಜಿನ ಪೆಟ್ಟಿಗೆ ಮಾಡಿಸಿದ್ದಾರೆ. ಈ ತಿಂಗಳ ಕೊನೆಗೆ ತಮ್ಮ ಲಿಖಿತ ಅಭಿಪ್ರಾಯ ಪಡೆದು, ತಾವು ಆಕ್ಷೇಪಿಸದ ಕೈಗವಸುಗಳನ್ನು ಅದರಲ್ಲಿ ಇಡಲಿದ್ದಾರೆ. ನಮ್ಮವರ ಹೆಸರುಗಳು ಆ ಗಾಜಿನೊಳಗೆ ಸೇರಿದ್ದನ್ನು ಕಣ್ಣಾರೆ ನೋಡಬೇಕು, ಅತ್ತೆಗೆ ಇರುವುದು ಅದೊಂದೇ ಆಸೆ. ವಯಸ್ಸು ತೊಂಬತ್ತರ ಹತ್ತಿರ ಬಂದಿರುವುದರಿಂದ ಇನ್ನೊಂದು ವರ್ಷ ನೋಡೋಣ ಎನ್ನುವ ಅನುಕೂಲ ಅವರಿಗಿಲ್ಲ.

ತಾವು ಭೂತಗನ್ನಡಿ ತೆಗೆದಿರಿ.

ತಾವು ಮೊದಲು ಕಂಡ ದೋಷ ಹೆಸರುಗಳು. "ಮಸಿಯಲ್ಲಿ ಹೆಸರು ಬರೆದುಬಿಟ್ರೆ ಮುಗೀತು, ಯಾವ ಸಂಗ್ರಾಹಕನೂ ಮೂಸಿ ಕೂಡ ನೋಡಲ್ಲ," ಎಂದಿರಿ. ಹಾಗೆಂದ ಮರುಕ್ಷಣವೇ ತಾವು ಕೈಗವಸನ್ನು ಮೂಗಿಗೆ ಹಿಡಿದು ಮೂಸಿ, ಬೂಷ್ಟು ಮತ್ತು ಟೊಮೇಟೊ ಹುಳಿಯ ವಾಸನೆ ಎಂದು ಎರಡನೆಯ ದೋಷ ಬರೆದಿರಿ. ತಮ್ಮ ಮೂಗಿನ ಸೂಕ್ಷ್ಮತೆಗೆ ನಮ್ಮ ನಮನ. ವರ್ಷಗಟ್ಟಲೆ ಆ ಕಾರ್ಖಾನೆಯ ಬೀದಿಯಲ್ಲಿ ವಾಸವಿದ್ದ ನಮ್ಮವರಿಗೆ ಟೊಮೇಟೊಗೆ ವಾಸನೆ ಇದೆಯೆಂಬುದೇ ಮರೆತುಹೋಗಿತ್ತು. ಈ ಸಂಬಂಧ ನನ್ನದೊಂದು ಕೋರಿಕೆ. ತಮ್ಮ ಸಂಘದ ವತಿಯಿಂದ ನಮ್ಮ ಊರಿನ ಸ್ಮಶಾನಕ್ಕೆ ಒಂದು ಸುತ್ತೋಲೆ ಕಳಿಸಿ, ಅಲ್ಲಿ ಮಲಗಿರುವ ಆಟಗಾರರು ಪಾಳಿ ಮುಗಿದ ಕೂಡಲೇ ಕೈ ತೊಳೆಯದೆ ಮೈದಾನಕ್ಕೆ ಓಡಿದ್ದು ಏಕೆಂದು ವಿವರಣೆ ಕೇಳಬೇಕು. ಬೇಸಿಗೆಯಲ್ಲಿ ಬೆವರದೆ ಆಡುವ ಬಗೆಯನ್ನೂ ಅವರಿಗೆ ತಿಳಿಸಿಕೊಟ್ಟರೆ ಮುಂದಿನ ಸಲಕ್ಕೆ ಅನುಕೂಲವಾದೀತು.

ಮೂರನೆಯದು ಎಣ್ಣೆ. ಚರ್ಮ ಬಿರಿಯದಿರಲೆಂದು ನಮ್ಮವರು ದನದ ಗೊರಸಿನ ಎಣ್ಣೆ ಸವರುತ್ತಿದ್ದರು, ಅದು ಮುಗಿದಾಗ ಅಡುಗೆಮನೆಯ ಹಂದಿಕೊಬ್ಬು. ಸವರಿದ್ದು ಹೆಚ್ಚಾಗಿ ಚರ್ಮ ಕಪ್ಪಾಗಿ ಭಾರವಾಗಿದೆ ಎಂದಿರಿ. ಒಪ್ಪಿದೆವು. ಆದರೆ ಪಕ್ಕದ ಮೇಜಿನ ಕೈಗವಸು ಎಣ್ಣೆಯೇ ಕಾಣದೆ ಬಿರಿದಿದೆ ಎಂದೂ ತಾವೇ ಬರೆದಿರಿ. ಅಷ್ಟರಲ್ಲಿ ಅತ್ತೆ, ಮಾತು ಬೇರೆ ಕಡೆಗೆ ತಿರುಗಲಿ ಎಂದು, ಬಹಳ ವಿನಯದಿಂದ, "ನಿನ್ನೆ ಸಂಜೆ ಕುದುರೆ ಜೀನು ತೊಳೆಯೋ ಸೋಪು ಹಾಕಿ ಚೆನ್ನಾಗಿ ಉಜ್ಜಿದೀನಿ ಸ್ವಾಮಿ, ದೊಡ್ಡೋರು ಬರ್ತಾರೆ ಅಂತ," ಎಂದರು. ಮನೆಗೆ ನೆಂಟರು ಬರುವಾಗ ಮಗುವಿನ ಮುಖ ತೊಳೆಸಿ ತಲೆ ಬಾಚುವುದು ನಮ್ಮ ಕಡೆಯ ಹೆಂಗಸರ ಜಾಯಮಾನ. ತಮ್ಮ ಮುಖದ ಬಣ್ಣ ಇಳಿದದ್ದು ಆಗಲೇ.

"ಉಜ್ಜಿದ್ರಾ? ಅಯ್ಯೋ ತಾಯೀ, ಯಾರಮ್ಮ ಉಜ್ಜಿ ಅಂದಿದ್ದು ನಿಮಗೆ? ತೊಳೆಯೋದಕ್ಕಿಂತ ದೊಡ್ಡ ದೋಷ ಇನ್ನೊಂದಿಲ್ಲ!"

"ಕೊಳೆ ಇದ್ರೂ ದೋಷ ಅಂದ್ರಿ?"

"ಹೌದು."

"ತೊಳೆದ್ರೂ ದೋಷ?"

"ಹೌದಮ್ಮ."

"ಹಾಗಿದ್ರೆ ಮೆರ್ಲ್ ಏನು ಮಾಡಬೇಕಿತ್ತು ಅಂತ ಹೇಳ್ಬಿಡಿ. ಭಾನುವಾರ ಸಮಾಧಿ ಹತ್ರ ಹೋಗ್ತೀನಿ, ತಿಳಿಸ್ತೀನಿ."

ಇದಕ್ಕೆ ತಮ್ಮ ಉತ್ತರ ಇನ್ನೂ ಬಂದಿಲ್ಲ. ಭಾನುವಾರ ಕಳೆದುಹೋಗಿದೆ.

ಆಮೇಲಿನ ದೋಷಗಳನ್ನು ತಾವು ಬೇಗಬೇಗ ಬರೆದುಕೊಂಡಿರಿ. ಬೆರಳುಗಳನ್ನು ಹೆಣೆಯುವ ಚರ್ಮದ ದಾರ ಮೂಲದ್ದಲ್ಲವೆಂದಿರಿ. ನಿಜ, ಅದು ಟೊಮೇಟೊ ಸಿಪ್ಪೆ ಸುಲಿಯುವ ಯಂತ್ರದ ಪಟ್ಟಿಯಿಂದ ಕೊಯ್ದದ್ದು. ಆ ಮಧ್ಯಾಹ್ನ ಯಂತ್ರ ನಿಂತುಹೋಯಿತು, ಪಂದ್ಯ ನಿಲ್ಲಲಿಲ್ಲ. ಮಣಿಕಟ್ಟಿನ ಮೇಲಿರಬೇಕಾದ ತಯಾರಕರ ಬಟ್ಟೆಯ ಚೀಟಿ ಇಲ್ಲವೆಂದಿರಿ. ಅದೂ ನಿಜ. ಮೆರ್ಲ್ ಅದನ್ನು ಕತ್ತರಿಸಿ, ಡಬ್ಬಿಗೆ ಮುಚ್ಚಳ ಹಾಕುತ್ತಿದ್ದ ಲಿಯೋಟಾ ಎಂಬ ಹುಡುಗಿಗೆ ಕೊಟ್ಟಿದ್ದರು. ಅವರ ಬಳಿ ಕೊಡಲು ಬೇರೇನೂ ಇರಲಿಲ್ಲ. ಆಕೆ ಅದನ್ನು ಕೌದಿಯ ಮೂಲೆಯಲ್ಲಿ ಹೊಲಿದುಕೊಂಡು, ಮೆರ್ಲ್ ಅವರನ್ನೇ ಮದುವೆಯಾಗಿ, ಆ ಕೌದಿ ಹೊದೆದುಕೊಂಡೇ ಬಾಳಿದರು. ಚೀಟಿ ಕೈಗವಸಿಗೆ ವಾಪಸು ಬರಲೇಬೇಕೆಂದು ಸಂಘಕ್ಕೆ ಅನಿಸಿದರೆ, ಆ ಮದುವೆಯನ್ನು ಹಿಂದಿನಿಂದ ರದ್ದುಮಾಡುವ ಅಧಿಕಾರ ತಮಗಿದೆಯೇ ಎಂದು ದಯವಿಟ್ಟು ಪರಿಶೀಲಿಸಿ. ಅವರ ಮೊಮ್ಮಕ್ಕಳು ವಿಚಾರಣೆಗೆ ಸಿದ್ಧರಿದ್ದಾರೆ.

ಕೊನೆಯದು ಇಲಿ. ಹೆಬ್ಬೆರಳಿನ ಬಳಿ ಕಡಿದು, ಒಳಗೆ ತುಂಬಿದ್ದ ಉಣ್ಣೆಯನ್ನು ಎಳೆದೊಯ್ದು ಮರಿ ಹಾಕಿದ ಇಲಿ. ಅದರ ಮೇಲೆ ನಮಗೂ ಸಿಟ್ಟಿದೆ. ಆದರೆ ಇಷ್ಟು ವರ್ಷಗಳಲ್ಲಿ ಈ ಕೈಗವಸಿನ ಪೂರ್ತಿ ಉಪಯೋಗ ಅರಿತು ಅದರಲ್ಲಿ ಸಂಸಾರ ಹೂಡಿದ್ದು ಅದೊಂದೇ ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ತಾವು "ಅಂಗೈ ಪೊಳ್ಳು, ಚೆಂಡು ಕೂರೋ ಗುಳಿ ಚಪ್ಪಟೆ, ಇದರಲ್ಲಿ ಚೆಂಡಲ್ಲ, ಹತ್ತಿಯುಂಡೆಯೂ ನಿಲ್ಲಲ್ಲ," ಎಂದು ಘೋಷಿಸಿ, ಗುಲಾಬಿ ಬಣ್ಣದ ಚೀಟಿಯಲ್ಲಿ 'ಅಯೋಗ್ಯ' ಎಂದು ಬರೆದು ಹೆಬ್ಬೆರಳಿಗೆ ಅಂಟಿಸಿದಿರಿ. ಅತ್ತೆ ಅದನ್ನು ಕಿತ್ತುಹಾಕಲಿಲ್ಲ. ಕೈಗವಸನ್ನು ಚೀಟಿಸಮೇತ ತೊಡೆಯ ಮೇಲಿಟ್ಟುಕೊಂಡು, ಹೆಸರುಗಳ ಮೇಲೆ ಕೈ ಮುಚ್ಚಿ ಕುಳಿತರು. ನಾನು ಅವರ ಮುಖ ನೋಡಲಿಲ್ಲ.

ಮೊದಲ ಬಹುಮಾನ ಬಂದದ್ದು ಅಂಗಡಿಯ ಡಬ್ಬಿಯಲ್ಲೇ ಉಳಿದು, ಒಂದು ದಿನವೂ ಯಾರೂ ತೊಡದ ಕೈಗವಸಿಗೆ. ಅದರ ನಿಷ್ಕಳಂಕತೆಯನ್ನು ನಾವೂ ಸಾಲಿನಲ್ಲಿ ನಿಂತು ಕಣ್ತುಂಬಿಕೊಂಡೆವು. ಒಲೆ ಕಾಣದ ಮಡಕೆಗೆ ಮಸಿ ಎಲ್ಲಿಂದ ಬರಬೇಕು ಎಂದು ಯಾರೋ ಹಿಂದಿನಿಂದ ಗೊಣಗಿದ್ದು ತಮ್ಮ ಕಿವಿಗೆ ಬಿದ್ದಿದ್ದರೆ ಕ್ಷಮಿಸಬೇಕು. ಅದು ನಮ್ಮ ಪಾದ್ರಿಗಳು.

ಈಗ ಊತದ ವಿಷಯ. ಪ್ರದರ್ಶನ ಮುಗಿದ ಮೇಲೆ ಶಾಲೆಯ ಬಯಲಿನಲ್ಲಿ ಸಂಗ್ರಾಹಕರಿಗೂ ಊರಿನವರಿಗೂ ಸ್ನೇಹಪಂದ್ಯ ನಡೆಯುವುದು ವಾಡಿಕೆಯಷ್ಟೆ. ತಮ್ಮ ಸಂಘದವರು ಗಾಡಿಗಟ್ಟಲೆ ಕೈಗವಸು ತಂದಿದ್ದರು, ಆದರೆ ಆಡಲು ತೊಡಬಹುದಾದದ್ದು ಒಂದೂ ಇರಲಿಲ್ಲ. ಕಣಜ ತುಂಬ ಭತ್ತವಿದ್ದೂ ಉಪವಾಸ ಕೂತಂತೆ. ಊರಿನವರು ತಮ್ಮ ತಮ್ಮದನ್ನೇ ಕಳಚಿ ಕೊಟ್ಟರು. ಮೊದಲ ಬೇಸಿನಲ್ಲಿ ತಾವು ನಿಂತಿರಿ, ತಮ್ಮ ಪಾಲಿಗೆ ಒಂದೂ ಉಳಿಯದೆ ಬರಿಗೈಯಲ್ಲಿ. ಆಗ ಅತ್ತೆ ಎದ್ದು ತಮ್ಮ ಬಳಿಗೆ ನಡೆದು ಬಂದರು.

"ತಗೊಳಪ್ಪ, ಹಾಕ್ಕೋ."

"ಬೇಡಮ್ಮ, ಹಳೇ ಸಾಮಾನು, ಎಲ್ಲಾದ್ರೂ ಹಾಳಾದ್ರೆ..."

"ಹಾಳಾಗೋದಕ್ಕೆ ಇದರಲ್ಲಿ ಇನ್ನೇನೂ ಉಳಿದಿಲ್ಲ ಅಂತ ನೀನೇ ಬರೆದುಕೊಟ್ಟಿದೀಯಲ್ಲ. ಹಾಕ್ಕೋ."

ಅಲ್ಲಿಯವರೆಗೆ ತಮ್ಮನ್ನು 'ಸ್ವಾಮಿ' ಎನ್ನುತ್ತಿದ್ದ ಅತ್ತೆ ಏಕವಚನಕ್ಕೆ ಇಳಿದದ್ದನ್ನು ತಾವು ಗಮನಿಸಿದಿರೋ ಇಲ್ಲವೋ, ಅದು ನಮ್ಮ ಮನೆಯಲ್ಲಿ ಮನೆಯವರಿಗಷ್ಟೇ ಸಲ್ಲುವ ಮರ್ಯಾದೆ.

ಕೊನೆಯ ಸರದಿಯಲ್ಲಿ ಊರಿನವರಿಗೆ ಗೆಲ್ಲಲು ಎರಡೇ ಓಟ ಬೇಕಿತ್ತು, ತಮ್ಮವರಿಗೆ ಒಂದೇ ಔಟು. ನಮ್ಮ ಅಂಚೆಯವರು ಚೆಂಡನ್ನು ನೆಲದ ಮೇಲೆ ಉರುಳುವಂತೆ ಹೊಡೆದು ಮೊದಲ ಬೇಸಿನತ್ತ ಬಿದ್ದಂಬೀಳ ಓಡಿದರು. ಅತ್ತಲಿಂದ ತಮ್ಮವರೊಬ್ಬರು ಅದನ್ನೆತ್ತಿ, ದಿಕ್ಕು ತಪ್ಪಿಸಿ, ಬಲವಾಗಿ ಎಸೆದರು. ತಾವು ಒಂದು ಕಾಲನ್ನು ಬೇಸಿನ ಮೇಲೆ ಊರಿ, ತಮ್ಮ ವಯಸ್ಸಿಗೂ ಹೊಟ್ಟೆಗೂ ಮೀರಿದ ರೀತಿಯಲ್ಲಿ ಮೈಚಾಚಿದಿರಿ. ಹತ್ತಿಯುಂಡೆಯೂ ನಿಲ್ಲದ ಆ ಗುಳಿಯಲ್ಲಿ ಅಂಚೆಯವರು ಬೇಸು ಮುಟ್ಟುವ ಮೊದಲೇ ಚೆಂಡು ಥಪ್ಪನೆ ಬಂದು ಕೂತಿತು, ಅಲ್ಲೇ ನಿಂತಿತು, ಅವರು ಔಟ್. "ಸಿಕ್ತು! ಸಿಕ್ತು ಕಣ್ರೋ!" ಎಂದು ಕುಣಿದಾಡಿದ ಹಿರಿಯರು ತಾವೇ ಎಂದು ಮೊದಲು ನಮಗೆ ನಂಬಿಕೆಯಾಗಲಿಲ್ಲ. ಊರು ಸೋತಿತ್ತು, ಆದರೂ ಚಪ್ಪಾಳೆ ಹೊಡೆದೆವು. ಒಳಗಿನ ಉಣ್ಣೆಯನ್ನು ಇಲಿ ಒಯ್ದಿದ್ದರಿಂದ ಅಂಗೈ ಊದಿತು. ತಾವು ಕೈಗವಸನ್ನು ಅತ್ತೆಯ ಕೈಗಿತ್ತು, ಊದಿದ ಅಂಗೈಯನ್ನು ನಿಂಬೆ ಪಾನಕದ ಮಂಜುಗಡ್ಡೆಯಲ್ಲಿ ಅದ್ದಿಕೊಂಡು, ಇನ್ನೊಂದು ಕೈಯಲ್ಲಿ ಕಡುಬು ತಿನ್ನುತ್ತ ನಿಂತಿರಿ. ಹಾಗಾಗಿ ಮುಂದೆ ನಡೆದದ್ದನ್ನು ತಾವು ನೋಡಿಲ್ಲ. ಈ ಪತ್ರ ಅದಕ್ಕಾಗಿಯೇ.

ಆ ಕೈಗವಸು ತೊಟ್ಟು ಕೊನೆಯ ಔಟು ಮಾಡಿ ಪಂದ್ಯ ಗೆಲ್ಲಿಸಿದವರ ಬಗ್ಗೆ ತಂಡದ ಪದ್ಧತಿ ಏನೆಂದು ಮೇಲೆ ಬರೆದಿದ್ದೇನೆ. ಪದ್ಧತಿ ಅಂದರೆ ಪದ್ಧತಿ. ಅತ್ತೆ ಕೈಚೀಲದಿಂದ ಬಟ್ಟೆಗೆ ಗುರುತು ಹಾಕುವ ಅಳಿಸದ ಪೆನ್ನು ತೆಗೆದು, ಇಲಿ ಕಡಿದ ಜಾಗದ ಪಕ್ಕದಲ್ಲಿ, ಪೆಟ್ಟಿಗೆಗಳ ಮೇಲೆ ಬರೆಯುತ್ತಿದ್ದ ಅದೇ ದಪ್ಪ ಅಕ್ಷರಗಳಲ್ಲಿ, ಥರ್ಲೋ ಬೆಕ್‌ವಿತ್ ಎಂದು ಬರೆದರು. ನಂತರ ಗುಲಾಬಿ ಚೀಟಿಯನ್ನು ಬಿಡಿಸಿ ನನ್ನ ಜೇಬಿಗೆ ಹಾಕಿದರು.

ವಸ್ತುಸಂಗ್ರಹಾಲಯದ ಮೇಲ್ವಿಚಾರಕಿ ವಿಲ್ಡಾ ಕ್ವಿಂಬಿ ಅವರು ಪಕ್ಕದಲ್ಲೇ ಇದ್ದರು. ಕನ್ನಡಕ ಏರಿಸಿ ಹೆಸರು ಓದಿದರು, ತಾವು ಗೋಡೆಗೆ ಹೇಳಿದ ಮಾತನ್ನು ನೆನಪಿಸಿಕೊಂಡರು. "ಹಾಗಾದ್ರೆ ಇದರ ಬಗ್ಗೆ ಒಳ್ಳೇದೂ ಹೇಳೋ ಹಾಗಿಲ್ಲ, ಕೆಟ್ಟದ್ದೂ ಹೇಳೋ ಹಾಗಿಲ್ಲ ಅನ್ನಿ. ಅರ್ಡಿತ್ತಮ್ಮ, ನೀವು ಪೆನ್ನು ಹಿಡಿದಿದ್ದು ಇವತ್ತು ಸಾರ್ಥಕ ಆಯ್ತು," ಎಂದರು.

ಆದ್ದರಿಂದ ತಮ್ಮಲ್ಲಿ ನಮ್ಮ ಕಡೆಯ ಪ್ರಾರ್ಥನೆ ಇಷ್ಟೆ. ತಿಂಗಳ ಕೊನೆಗೆ ಸಂಗ್ರಹಾಲಯದಿಂದ ತಮಗೆ ಪತ್ರ ಬಂದಾಗ, ಉಳಿದೆಲ್ಲ ಕೈಗವಸುಗಳ ಬಗ್ಗೆ ಮನಸಾರೆ ಬರೆಯಿರಿ. ಇದೊಂದರ ಬಗ್ಗೆ ಮಾತ್ರ, ತಾವೇ ಎತ್ತಿಹಿಡಿದ ನಿಯಮದಂತೆ, ಗೋಡೆಯ ಕಡೆ ಮುಖ ಮಾಡಿ ನಿಂತುಬಿಡಿ. ಮೌನವೇ ಸಮ್ಮತಿ ಎಂದು ನಾವು ತಿಳಿಯುತ್ತೇವೆ. ಅತ್ತೆ ಗಾಜಿನ ಪೆಟ್ಟಿಗೆಯ ಮುಂದೆ ಕೂರಲು ಮನೆಯಿಂದ ಕುರ್ಚಿಯನ್ನೂ ಆಗಲೇ ಕಳಿಸಿಬಿಟ್ಟಿದ್ದಾರೆ. ಮೆರ್ಲ್ ಅವರಿಂದ ಮೊದಲಾಗಿ ತಮ್ಮವರೆಗಿನ ಎಲ್ಲ ಹೆಸರುಗಳನ್ನೂ ಆ ದಿನ ಅವರೇ ಗಟ್ಟಿಯಾಗಿ ಓದುವವರಿದ್ದಾರೆ. ತಮ್ಮ ಹೆಸರು ಬಂದಾಗ ಓಗೊಡಲು ಅಲ್ಲಿ ತಾವೊಬ್ಬರೇ ಬದುಕಿರುವವರು, ಆದಕಾರಣ ತಪ್ಪದೆ ದಯಮಾಡಿಸಬೇಕು.

ಇಂತಿ, ತಮ್ಮ ಅಂಗೈಯ ಕ್ಷೇಮವನ್ನು ಸದಾ ಬಯಸುವ,
ತಮ್ಮ ವಿಶ್ವಾಸಿ,
ರೋಲಂಡ್ ಸ್ಲೋಕಮ್
ವಿನ್‌ಫ್ರೆಡ್

ಮರೆತ ಮಾತು: ಬಂದಾಗ ತಮ್ಮ ಹೆಸರನ್ನು ಉಜ್ಜಿ ತೆಗೆಯುವ ಯೋಚನೆಯೇನಾದರೂ ತಮಗಿದ್ದರೆ, ಜೀನಿನ ಸೋಪು ಅತ್ತೆಯ ಬಳಿ ಇನ್ನೂ ಅರ್ಧ ಉಳಿದಿದೆ, ಸಂತೋಷದಿಂದ ಕೊಡುತ್ತಾರೆ. ಆದರೆ ತೊಳೆಯುವುದಕ್ಕಿಂತ ದೊಡ್ಡ ದೋಷ ಇನ್ನೊಂದಿಲ್ಲ ಎಂದು ದೊಡ್ಡವರೊಬ್ಬರು ನಮಗೆ ಹೇಳಿದ್ದಾರೆ.