ಸೀಸೆಯಲ್ಲಿ ಸಾಕಿದ ಗರ್ಭದ ಪೊರೆ

ರಾಜಾಜಿನಗರದ ನಮ್ಮ ಪುಟ್ಟ ಲ್ಯಾಬಿನಲ್ಲಿ ನಗುವಂಥ ಪ್ರಸಂಗಗಳಿಗೆ ಬರ ಇರಲಿಲ್ಲ. ನಗೋ ಮನಸ್ಸಿಗಷ್ಟೇ ಬರ. ಎಂಬತ್ತರ ದಶಕ. ಆಪರೇಷನ್ನಿನಲ್ಲಿ ತೆಗೆದ ಗರ್ಭಕೋಶದ ಒಳಪೊರೆಯ ಜೀವಕೋಶಗಳನ್ನು ಗಾಜಿನ ಸೀಸೆಯಲ್ಲಿ ಸಾಕುವುದು ನನ್ನ ಕೆಲಸ. ಎದೆಹಾಲು ಬರಿಸುವ ಹಾರ್ಮೋನು ಮಿದುಳಿನ ಬುಡದ ಗ್ರಂಥಿಯಲ್ಲಷ್ಟೇ ಆಗುತ್ತೆ ಅಂತ ನಾವು ಓದಿದ್ದು. ಈ ಕೋಶಗಳೂ ಅದನ್ನು ಮಾಡುತ್ತವಾ ಅಂತ ನೋಡಬೇಕಿತ್ತು. ನನಗೋ, ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು.

ಓನರ್ ಅಜ್ಜಿ

ಮೂಡಲಪಾಳ್ಯದ ನಮ್ಮ ಮನೆ ಓನರ್ ಅಜ್ಜಿ ಒಂದು ದಿನ, "ಲ್ಯಾಬಲ್ಲಿ ಏನು ಮಾಡ್ತೀಯಮ್ಮ?" ಅಂದರು. ಬಿಡಿಸಿ ಹೇಳಿದೆ. ಅಜ್ಜಿ ಅವರೆಕಾಯಿ ಸುಲಿಯೋದು ನಿಲ್ಲಿಸಿದರು.

"ಗರ್ಭದ ಪೊರೆ ಸೀಸೇಲೇ ಬೆಳೀತದಾ?"

"ಹೂಂ."

"ಹಂಗಾದ್ರೆ ಆ ಗಂಡನ್ನ ಯಾಕಮ್ಮ ಇಟ್ಕೊಂಡಿದೀಯ?"

ಒಳಗೆ ಗಂಡ ಪೇಪರ್ ಮಡಿಸಿಟ್ಟ ಸದ್ದು ಕೇಳಿಸಿತು.

ಬಂತು

ಕೊನೆಗೂ ಸೀಸೆಯ ದ್ರವದಲ್ಲಿ ಹಾರ್ಮೋನು ಸಿಕ್ಕಿತು. ನಮ್ಮ ಲ್ಯಾಬಿನ ಡಾಕ್ಟರು ನಗಲೂ ಇಲ್ಲ. "ಆಪರೇಷನ್ ಆದ ಹೆಂಗಸಿನ ರಕ್ತದಿಂದ ಅಂಟ್ಕೊಂಡು ಬಂದಿರಬಹುದು. ದಿನಾ ತೊಳೆದು ಹೊಸ ದ್ರವ ಹಾಕಿ. ಆಮೇಲೂ ಬಂದ್ರೆ ಅವೇ ಮಾಡ್ತಿವೆ ಅಂತ ಅರ್ಥ," ಅಂದರು.

ಆದರೂ ತಡೆಯಲಾರದೆ ಮನೆಗೆ ಬಂದವಳೇ ಗಂಡನಿಗೆ, "ಬಂತು ರೀ," ಅಂದೆ.

"ಹಾಲಾ?"

"ಹಾಲಿನ ಹಾರ್ಮೋನು."

ಖಾಲಿ ಪಾತ್ರೆ ಹಿಡಿದು ನಿಂತಿದ್ದವರು ಸ್ವಲ್ಪ ಯೋಚಿಸಿ, "ಅದರಲ್ಲಿ ಕಾಫಿ ಆಗುತ್ತಾ?" ಅಂದರು.

ಸೀಟು

ಹೊಸ ಸೀಸೆ ಇಟ್ಟ ಐದನೇ ದಿನ ಕರೆಂಟು ಹೋಯಿತು. ಸೀಸೆ ತಣ್ಣಗಾದರೆ ಕೋಶಗಳು ಸಾಯುತ್ತವೆ. "ವಿಜಯನಗರದ ನರ್ಸಿಂಗ್ ಹೋಮಲ್ಲಿ ಜನರೇಟರ್ ಇದೆ. ಮೈಗೆ ಒತ್ಕೊಂಡು ಹೋಗಿ," ಅಂದರು ಡಾಕ್ಟರು. ಮುಚ್ಚಳ ಬಿಗಿದು, ಸೀಸೆಯನ್ನು ಸೆರಗಿನೊಳಗೆ ಹೊಟ್ಟೆಗೆ ಅವುಚಿಕೊಂಡು ಬಸ್ಸು ಹತ್ತಿದೆ.

ಕೋಶಗಳು ಬದುಕಿದವು. ತೊಳೆದಷ್ಟೂ ಹಾರ್ಮೋನು ಬರ್ತಾನೇ ಇತ್ತು, ಡಾಕ್ಟರೂ ಒಪ್ಪಿದರು. ಆದರೆ ನನ್ನ ಮನಸ್ಸಲ್ಲಿ ಉಳಿದಿರೋದು ಆ ಬಸ್ಸು.

ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿದ್ದೇ ಎದ್ದಳು. "ಕೂತ್ಕೊಳಮ್ಮ. ಹಿಂಗೆ ಹೊಟ್ಟೆ ಹಿಡ್ಕೊಂಡು ನಿಲ್ಲಬಾರ್ದು."

ನಿಜ ಹೇಳಿ ನಿಂತೇ ಇರಬಹುದಿತ್ತು. ಆದರೆ ಅದುವರೆಗೆ ನನಗೆ ಯಾರೂ ಹಾಗೆ ಸೀಟು ಬಿಟ್ಟುಕೊಟ್ಟಿರಲಿಲ್ಲ. ಕೂತೆ.

"ಎಷ್ಟಾಯ್ತು?" ಅಂದಳು ಮೆಲ್ಲಗೆ.

ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. "ಐದು ದಿನ," ಅಂದೆ.

ಅವಳು ನನ್ನ ಹೊಟ್ಟೆ ನೋಡಿದಳು, ಮುಖ ನೋಡಿದಳು, ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ಏಳಮ್ಮ ಮೇಲೆ. ಒಂಬತ್ತನೇ ತಿಂಗಳಲ್ಲಿ ಬಾ, ಕೊಡ್ತೀನಿ."