ಒಂದು ಹನಿಯೂ ಬೀಳಬಾರದು

ಎಲ್ಲ ಅನಾಹುತಕ್ಕೂ ಮೂಲ ಕಾಂಪೌಂಡರನ ಸೊಂಟ.

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಅವನದು ಹದಿನೆಂಟು ವರ್ಷದ ನೌಕರಿ. ಚೀಟಿ ಬರೆಯುವುದು, ಇಕ್ಕಳ ಕುದಿಸುವುದು, ಹೆದರಿ ಬಾಗಿಲವರೆಗೆ ಓಡಿದವರನ್ನು ಮಾತಿನಲ್ಲಿ ಕಟ್ಟಿಹಾಕಿ ವಾಪಸು ಕೂರಿಸುವುದು, ಇವೆಲ್ಲ ಅವನಿಗೆ ನೀರು ಕುಡಿದಷ್ಟು ಸುಲಭ. ನೀರು ಹೊರುವುದು ಮಾತ್ರ ಈಚೆಗೆ ಆಗುತ್ತಿರಲಿಲ್ಲ. ರೋಗಿಗಳು ಕಾಯುವ ಕೋಣೆಯಲ್ಲಿ ಗಾಜಿನ ಮೀನಿನ ತೊಟ್ಟಿಯೊಂದಿತ್ತು. ಪ್ರತಿ ಶನಿವಾರ ಬೆಳಿಗ್ಗೆ ಅದರ ಕಾಲು ಭಾಗ ನೀರು ತೆಗೆದು ಹೊಸ ನೀರು ತುಂಬಬೇಕು. ತೆಗೆಯಲು ಎರಡು ಬಕೆಟ್, ತುಂಬಲು ಎರಡು ಬಕೆಟ್. ಬಚ್ಚಲಿನಿಂದ ತೊಟ್ಟಿಗೆ ಇಪ್ಪತ್ತೆರಡು ಹೆಜ್ಜೆ. ಅಷ್ಟೂ ಹೆಜ್ಜೆಯನ್ನು ಅವನ ಸೊಂಟ ಎಣಿಸಿತ್ತು.

ತೊಟ್ಟಿಯಲ್ಲಿದ್ದದ್ದು ಒಂದೇ ಮೀನು. ಕಿತ್ತಳೆ ಬಣ್ಣ, ದಪ್ಪ ಹೊಟ್ಟೆ, ಊಟ ಮುಗಿಸಿ ಕುರ್ಚಿ ಹುಡುಕುವ ಹಿರಿಯರಂಥ ನಡಿಗೆ. ರೋಗಿಗಳೆಲ್ಲ ಸೇರಿ ಅದಕ್ಕೆ ದೊಡ್ಡಪ್ಪ ಎಂದು ಹೆಸರಿಟ್ಟಿದ್ದರು. ಬೆರಳುದ್ದ ಇದ್ದಾಗಿನಿಂದ ಅದನ್ನು ಸಾಕಿದವನು ಕಾಂಪೌಂಡರ್. ಅವನು ಗಾಜಿನ ಹತ್ತಿರ ಹೋದರೆ ಸಾಕು, ದೊಡ್ಡಪ್ಪ ತೇಲಿ ಬಂದು ಬಾಯಿ ತೆರೆಯುತ್ತಿತ್ತು. ಆ ಕ್ಲಿನಿಕ್ಕಿನಲ್ಲಿ ಹೆದರದೆ ಬಾಯಿ ತೆರೆಯುವ ಜೀವ ಅದೊಂದೇ. ಅದನ್ನು ಕಂಡರೆ ಅವನಿಗೆ ಪ್ರಾಣ.

ಹೋದ ಶನಿವಾರ ಬಕೆಟ್ ತುಳುಕಿತು. ಆ ನೀರಿನ ಮೇಲೆ ಕಾಲಿಟ್ಟ ನಿವೃತ್ತ ಮೇಷ್ಟ್ರು ಜಾರಿ, ಹಲ್ಲು ತೋರಿಸಲು ಬಂದವರು ಮಂಡಿಗೂ ಔಷಧಿ ಹಚ್ಚಿಸಿಕೊಂಡು ಹೋದರು. ಡಾಕ್ಟರು ಕೂಗಾಡುವವರ ಪೈಕಿಯಲ್ಲ. ಕೈಗವಸು ಕಳಚುತ್ತ ತಣ್ಣಗೆ ಹೇಳಿದರು: "ಇನ್ನೊಂದು ಸಲ ಈ ನೆಲದ ಮೇಲೆ ಒಂದು ಹನಿ ನೀರು ಕಂಡರೆ ತೊಟ್ಟಿ ನನ್ನ ಭಾವಮೈದುನನ ಮನೆಗೆ ಹೋಗುತ್ತೆ. ಅವನ ಹತ್ತಿರ ಆಗಲೇ ನಾಲ್ಕಿವೆ, ಇದು ಐದನೇದು."

ಆ ವಾರವೆಲ್ಲ ಕಾಂಪೌಂಡರನಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕೊನೆಗೊಂದು ಉಪಾಯ ಹೊಳೆದು, ಉದ್ದನೆಯ ಮೆತ್ತನೆ ಪೈಪು ಕೊಂಡು ತಂದ. ಒಂದು ತುದಿ ತೊಟ್ಟಿಯಲ್ಲಿ, ಇನ್ನೊಂದು ತುದಿ ಬಚ್ಚಲ ಗುಂಡಿಯಲ್ಲಿ. ಒಮ್ಮೆ ಎಳೆದುಕೊಂಡರೆ ನೀರು ತಾನಾಗಿ ಇಳಿದುಹೋಗುತ್ತದೆ. ಆಮೇಲೆ ಅದೇ ತುದಿಯನ್ನು ಬಚ್ಚಲ ನಲ್ಲಿಗೆ ಸಿಕ್ಕಿಸಿ, ತೊಟ್ಟಿಗೆ ಕ್ಲೋರಿನ್ ಕಳೆಯುವ ಔಷಧಿ ನಾಲ್ಕು ಹನಿ ಬಿಟ್ಟರೆ, ಹೊಸ ನೀರೂ ತಾನಾಗಿ ಬರುತ್ತದೆ. ಅವನ ನಿಜವಾದ ಜಾಣತನ ಇದ್ದದ್ದು ಒಂದು ಬಟ್ಟೆ ಕ್ಲಿಪ್ಪಿನಲ್ಲಿ. ಗಾಜಿನ ಮೇಲೆ ಕಾಲು ಭಾಗಕ್ಕೆ ಗೆರೆ ಎಳೆದು, ಪೈಪಿನ ಬಾಯಿ ಸರಿಯಾಗಿ ಆ ಗೆರೆಯ ಮಟ್ಟದಲ್ಲಿ ನಿಲ್ಲುವಂತೆ ಅಂಚಿಗೆ ಕ್ಲಿಪ್ ಹಾಕಿದ. ನೀರು ಗೆರೆಗೆ ಇಳಿದ ಕೂಡಲೆ ಪೈಪು ಗಾಳಿ ಕುಡಿದು ತಾನೇ ನಿಂತುಬಿಡುತ್ತದೆ. ಕಾಯುವ ಕೆಲಸವೂ ಇಲ್ಲ.

ಶನಿವಾರ ಒಂಬತ್ತು ಗಂಟೆಗೆ ಅವನು ಪೈಪು ಬಿಚ್ಚುವಷ್ಟರಲ್ಲಿ ಮೂವರು ಬಂದು ಕೂತಾಗಿತ್ತು. ಎಡಗೆನ್ನೆ ಊದಿದ ಮೇಷ್ಟ್ರು, ದವಡೆಗೆ ಬಟ್ಟೆ ಕಟ್ಟಿಕೊಂಡ ಟೈಲರ್ ಅಕ್ಕ, ಕೈಯಲ್ಲಿ ಬಾಟಲಿ ಹಿಡಿದ ಲಾರಿ ಡ್ರೈವರ್. ನೋವು ಹಲ್ಲಿಗೆ, ನಾಲಿಗೆಗಲ್ಲ. ಮೂವರೂ ಸಲಹೆ ಶುರುಮಾಡಿದರು. ಮೀನಿನ ಬಾಲ ಪೈಪಿಗೆ ಸಿಕ್ಕೀತು ಎಂದು ಟೈಲರ್ ಅಕ್ಕ ಚೀಲದಿಂದ ಜಾಳು ಬಟ್ಟೆಯ ತುಂಡು ತೆಗೆದು ಪೈಪಿನ ಬಾಯಿಗೆ ಬಿಗಿದಳು. ಇಷ್ಟು ವರ್ಷ ಡೀಸೆಲ್ ಎಳೆದವನಿಗೆ ಇದೆಷ್ಟರ ಕೆಲಸ ಎಂದು ಡ್ರೈವರ್ ಬಚ್ಚಲಿಗೆ ಹೋಗಿ ಪೈಪು ಕಚ್ಚಿ ಎಳೆದ. ತಣ್ಣನೆ ನೀರು ನೇರ ಹುಳುಕು ಹಲ್ಲಿಗೇ ಬಡಿಯಿತು. ಅವನು ಕೆನ್ನೆ ಒತ್ತಿಕೊಂಡು ಗೋಡೆಗೆ ಒರಗಿದ. ನೀರು ಮಾತ್ರ ಜುಳುಜುಳು ಇಳಿಯತೊಡಗಿತು.

ಅಷ್ಟರಲ್ಲಿ ಒಳಗೆ ಫೋನು. ಡಾಕ್ಟರು. ಈ ದಿನ ಯಾರ್‍ಯಾರು, ಯಾವ ಹಲ್ಲು, ಯಾವ ಹೊತ್ತು ಎಂದು ಒಬ್ಬೊಬ್ಬರದೂ ಕೇಳಿದರು. ಕಾಂಪೌಂಡರ್ ಹನ್ನೊಂದು ಹೆಸರು ಓದಿದ. ಕೊನೆಗೆ ಅವರು, ಹತ್ತಕ್ಕಲ್ಲ, ಇನ್ನು ಕಾಲು ಗಂಟೆಯಲ್ಲೇ ಬಂದುಬಿಡುತ್ತೇನೆ ಎಂದರು. ಕ್ಲಿಪ್ಪಿನ ಮೇಲೆ ಭರವಸೆ ಇಟ್ಟು ಅವನು ನಿಧಾನವಾಗಿಯೇ ಫೋನು ಕೆಳಗಿಟ್ಟ.

ಹೊರಗೆ ಬಂದು ನೋಡಿದ. ತೊಟ್ಟಿಯಲ್ಲಿ ನಾಲ್ಕು ಬೆರಳು ನೀರು. ಅದರಲ್ಲಿ ದೊಡ್ಡಪ್ಪ ಒಂದು ಮಗ್ಗುಲಾಗಿ ಬಿದ್ದು ಬಾಲ ಬಡಿಯುತ್ತಿತ್ತು. ಪೈಪು ತಳ ಮುಟ್ಟಿತ್ತು.

"ಪೈಪು ಮೇಲ್ಮೇಲೇ ನೇತಾಡ್ತಿತ್ತು, ಜಾರಿ ನೆಲಕ್ಕೆ ಬಿದ್ದೀತು ಅಂತ ಕ್ಲಿಪ್ ತೆಗೆದು ಕೆಳಗೆ ತಳ್ಳಿದೆ," ಎಂದರು ಮೇಷ್ಟ್ರು ಸಮಾಧಾನದಿಂದ. "ಹೋದ ವಾರ ಬಿದ್ದವನು ನಾನಲ್ಲವೇ? ನೆಲ ಒದ್ದೆಯಾಗಬಾರದು ಅನ್ನೋದು ನನಗಿಂತ ಯಾರಿಗೆ ಗೊತ್ತು?"

ಅವರಿಗೆ ಉತ್ತರ ಕೊಡುವ ಹೊತ್ತಲ್ಲ. ಕಾಂಪೌಂಡರ್ ಬಚ್ಚಲಿಗೆ ಓಡಿ ಪೈಪನ್ನು ನಲ್ಲಿಗೆ ಸಿಕ್ಕಿಸಿ ತಿರುಗಿಸಿದ. ನಲ್ಲಿ ಒಮ್ಮೆ ಬಿಕ್ಕಿ ಸುಮ್ಮನಾಯಿತು. ಪೂರ್ತಿ ತಿರುಗಿಸಿದ. ಊಹುಂ. ಕಿಟಕಿಯಿಂದ ಕೂಗಿ ಕೇಳಿದರೆ, ಮೇಲಿನ ಟ್ಯಾಂಕ್ ತೊಳೆಯುತ್ತಿದ್ದೇನೆ, ಹತ್ತು ಗಂಟೆಯೊಳಗೆ ನೀರು ಬಿಡುತ್ತೇನೆ ಎಂದು ವಾಚ್‌ಮನ್ ಮಹಡಿಯಿಂದಲೇ ಹೇಳಿದ. ಗೋಡೆ ಗಡಿಯಾರದಲ್ಲಿ ಒಂಬತ್ತೂವರೆ ದಾಟಿತ್ತು. ದೊಡ್ಡಪ್ಪನ ಕಿವಿರು ಬೇಗಬೇಗ ಏರಿಳಿಯುತ್ತಿತ್ತು. ಅಷ್ಟು ವರ್ಷ ಜೊತೆಗಿದ್ದ ಜೀವ ಕಣ್ಣೆದುರಿಗೇ ಹೋಗುತ್ತದಲ್ಲ ಎಂದು ಕಾಂಪೌಂಡರನಿಗೆ ಅಳುವೇ ಬಂತು.

ಆಗ ಅವನ ಕಣ್ಣಿಗೆ ಬಿದ್ದದ್ದು ಮೂಲೆಯ ಮೂರು ನೀರಿನ ಕ್ಯಾನು. ರೋಗಿಗಳು ಬಾಯಿ ಮುಕ್ಕಳಿಸಲು ತರಿಸಿಟ್ಟವು. ಸೊಂಟದ ಮಾತು ಆಮೇಲೆ ಎಂದುಕೊಂಡು ಅವನು ಪೈಪನ್ನು ತೊಟ್ಟಿಯಿಂದ ಕಿತ್ತು, ತುದಿ ಒರೆಸಿ, ಮೇಜಿನ ಕೆಳಗೆಸೆದ. ಡ್ರೈವರ್ ಒಂದು ಕಡೆ, ಅವನೊಂದು ಕಡೆ ಹಿಡಿದು ಕ್ಯಾನು ಎತ್ತಿದರು. ಕೆಳಗೆ ಒಂದು ಹನಿಯೂ ಬೀಳದಂತೆ ಟೈಲರ್ ಅಕ್ಕ ದವಡೆಯ ಬಟ್ಟೆ ಬಿಚ್ಚಿ ಕ್ಯಾನಿನ ಬಾಯಿಯ ಕೆಳಗೆ ಹಿಡಿದಳು. ಮೇಷ್ಟ್ರು ಉಸಿರು ಬಿಗಿಹಿಡಿದು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎನ್ನುತ್ತಿದ್ದರು. ಮೂರು ಕ್ಯಾನೂ ಖಾಲಿಯಾದವು. ಅಂಚಿಗೆ ಇನ್ನೂ ಮೂರು ಬೆರಳು ಕಡಿಮೆ. ಅಕ್ಕ ತನ್ನ ಬಾಟಲಿ ಸುರಿದಳು, ಮೇಷ್ಟ್ರು ತಮ್ಮದನ್ನು ಸುರಿದರು. ಡ್ರೈವರ್ ತನ್ನ ಬಾಟಲಿಯ ಮುಚ್ಚಳ ತೆಗೆದು ಬಗ್ಗಿಸುವಷ್ಟರಲ್ಲಿ ಕಾಂಪೌಂಡರ್ ಕೈ ಹಿಡಿದ.

"ಅದರಲ್ಲೇನಿದೆ?"

"ಬಿಸಿನೀರು. ಹಲ್ಲುನೋವಿಗೆ ಅಂತ ಉಪ್ಪು ಹಾಕಿಸ್ಕೊಂಡು ಬಂದೆ. ಜಾಸ್ತಿ ಇಲ್ಲ, ಒಂದು ಹಿಡಿ."

ಕಾಂಪೌಂಡರ್ ಆ ಬಾಟಲಿಯನ್ನು ಕಸಿದು ದೂರ ಇಟ್ಟ. ಬೀರುವಿನಿಂದ ತನ್ನ ಎರಡು ಬಾಟಲಿ ತಂದು ಸುರಿದ. ನೀರು ಅಂಚಿಗೆ ಎರಡೇ ಬೆರಳು ಕಡಿಮೆ ಬಂತು. ದೊಡ್ಡಪ್ಪ ನಿಧಾನವಾಗಿ ನೆಟ್ಟಗಾಗಿ, ಒಂದು ಸುತ್ತು ಹಾಕಿ, ಗಾಜಿನ ಹತ್ತಿರ ಬಂದು ಬಾಯಿ ತೆರೆಯಿತು. ಕಾಂಪೌಂಡರನಿಗೆ ಹೋದ ಜೀವ ಬಂದಂತಾಯಿತು. ಬಗ್ಗಿ ನೆಲವನ್ನು ಅಂಗೈಯಿಂದ ಸವರಿ ನೋಡಿದ. ಪೂರ್ತಿ ಒಣಗಿತ್ತು.

"ಕಾಂಪೌಂಡರೇ, ನಾನು ಬಾಯಿ ಮುಕ್ಕಳಿಸೋದು ಯಾವ ನೀರಲ್ಲಿ?" ಎಂದು ಡ್ರೈವರ್ ಮೆಲ್ಲಗೆ ಕೇಳುವಷ್ಟರಲ್ಲಿ ಬಾಗಿಲು ತೆರೆಯಿತು. ಡಾಕ್ಟರು ಬಂದರು.

ಅವರು ಮೊದಲು ನೋಡಿದ್ದು ನೆಲವನ್ನು. ಈ ಗೋಡೆಯಿಂದ ಆ ಗೋಡೆಯವರೆಗೆ ನೋಡಿದರು. ಆಮೇಲೆ ತೊಟ್ಟಿ, ಆಮೇಲೆ ಪೈಪು.

"ನೀರು ಬದಲಾಯಿಸಿ ಆಯ್ತಾ?"

"ಆಯ್ತು ಸಾರ್."

"ಬಕೆಟ್ ಇಲ್ಲದೆ?"

"ಪೈಪೇ ಎಲ್ಲ ಮಾಡುತ್ತೆ ಸಾರ್," ಎಂದ ಕಾಂಪೌಂಡರ್. ಖಾಲಿ ಕ್ಯಾನುಗಳಿಗೆ ಬೆನ್ನು ಅಡ್ಡಕೊಟ್ಟು ನಿಂತಿದ್ದ. "ನನಗೆ ಕೆಲಸವೇ ಇಲ್ಲ. ಇಂಥ ಹತ್ತು ತೊಟ್ಟಿ ಇದ್ದರೂ ಕೂತಲ್ಲೇ ಮುಗಿಸಬಹುದು."

ಡಾಕ್ಟರು ರೋಗಿಗಳತ್ತ ತಿರುಗಿದರು. ದೊಡ್ಡಪ್ಪನ ಮೇಲಿನ ಪ್ರೀತಿಗೆ ಮೂವರೂ ಒಟ್ಟಿಗೆ ತಲೆಯಾಡಿಸಿದರು. ತಾವು ಕೂತಿದ್ದು ನೋಡುತ್ತಿದ್ದಂತೆಯೇ ಎಲ್ಲ ತನ್ನಷ್ಟಕ್ಕೆ ಆಗಿಹೋಯಿತು ಎಂದು ಮೇಷ್ಟ್ರು ಸಾಕ್ಷಿಯನ್ನೂ ಹೇಳಿದರು.

ಡಾಕ್ಟರ ಮುಖ ಅರಳಿತು. ಜೇಬಿನಿಂದ ಫೋನು ತೆಗೆದು ಅಲ್ಲಿಯೇ ನಿಂತು ಭಾವಮೈದುನನ ಜೊತೆ ಮಾತಾಡಿದರು: "ಕೇಳಿಲ್ಲಿ. ನೀರು ಬದಲಾಯಿಸಿ ಬದಲಾಯಿಸಿ ಸೊಂಟ ಹೋಯ್ತು, ಮೀನೆಲ್ಲ ಯಾರಿಗಾದರೂ ಕೊಟ್ಟುಬಿಡ್ತೀನಿ ಅಂತ ನಿನ್ನೆ ಹೇಳಿದೆಯಲ್ಲ? ಯಾರಿಗೂ ಕೊಡಬೇಡ. ನಾಲ್ಕೂ ತೊಟ್ಟಿ ಇಲ್ಲಿಗೆ ಕಳಿಸು. ನಮ್ಮ ಕಾಂಪೌಂಡರಿಗೆ ಅದು ಕೆಲಸವೇ ಅಲ್ಲವಂತೆ."

ಕಾಂಪೌಂಡರನಿಗೆ ನಾಲ್ಕು ಗೋಡೆಗೂ ನಾಲ್ಕು ತೊಟ್ಟಿ ಕಂಡವು. ಅದೇ ಗಳಿಗೆಯಲ್ಲಿ ಮಹಡಿಯ ಮೇಲಿನಿಂದ ಗಡಗಡ ಸದ್ದು ಬಂತು. ವಾಚ್‌ಮನ್ ನೀರು ಬಿಟ್ಟಿದ್ದ. ಪೂರ್ತಿ ತಿರುಗಿಸಿದ್ದ ನಲ್ಲಿ ಹಾಗೆಯೇ ತೆರೆದಿತ್ತು. ಮೇಜಿನ ಕೆಳಗೆ ಬಿದ್ದಿದ್ದ ಪೈಪು ಮೆಲ್ಲಗೆ ಮೈಮುರಿದು ಉಬ್ಬತೊಡಗಿತು.

ಅವನು ಒಂದು ಹೆಜ್ಜೆ ಪಕ್ಕಕ್ಕಿಟ್ಟು ಹಿಮ್ಮಡಿಯಿಂದ ಅದನ್ನು ಅದುಮಿ ಹಿಡಿದ. ಕಾಲು ತೆಗೆದರೆ ದೊಡ್ಡಪ್ಪ ಹೋಗುತ್ತದೆ. ತೆಗೆಯದಿದ್ದರೆ ಇನ್ನೂ ನಾಲ್ಕು ತೊಟ್ಟಿ ಬರುತ್ತವೆ. ಬರಲಿ ಎಂದು ಇನ್ನಷ್ಟು ಒತ್ತಿದ. ಪೈಪು ಹಿಮ್ಮಡಿಯ ಕೆಳಗೆ ನಡುಗುತ್ತಿತ್ತು. ಡಾಕ್ಟರು ಫೋನಿನಲ್ಲಿ ಯಾವ ತೊಟ್ಟಿ ಎಷ್ಟು ಅಗಲ ಎಂದು ನಿಧಾನವಾಗಿ ವಿಚಾರಿಸುತ್ತಿದ್ದರು. ಗಾಜಿನೊಳಗಿಂದ ದೊಡ್ಡಪ್ಪ ಬಾಯಿ ತೆರೆದುಕೊಂಡು ನೋಡುತ್ತಿತ್ತು.

"ಅಯ್ಯೋ ಕಾಂಪೌಂಡರೇ, ಪೈಪು ತುಳೀತಿದ್ದೀರಲ್ಲ," ಎಂದರು ಮೇಷ್ಟ್ರು. "ಸ್ವಲ್ಪ ಕಾಲೆತ್ತಿ, ನಾನು ತೆಗೀತೀನಿ."

ಮಂಡಿನೋವನ್ನೂ ಲೆಕ್ಕಿಸದೆ ಅವರು ಆಗಲೇ ಬಗ್ಗಿದ್ದರು.