ಹಿಂದಿನ ಸೀಟಿನ ಲಗತ್ತು

ಅನ್ಯಾಯವೊಂದು ಕಣ್ಣಿಗೆ ಬಿದ್ದ ಮೇಲೆ ಅದಕ್ಕೊಂದು ಅರ್ಜಿ ಬರೆಯದಿದ್ದರೆ ನನಗೆ ಊಟ ಸೇರುವುದಿಲ್ಲ. ಇದನ್ನು ಹೆಮ್ಮೆಯಿಂದಲ್ಲ, ರೋಗಿ ತನ್ನ ರೋಗ ಹೇಳಿಕೊಳ್ಳುವ ದನಿಯಲ್ಲಿ ಹೇಳುತ್ತಿದ್ದೇನೆ. ನಡೆಯುವವರ ದಾರಿಯನ್ನು ನುಂಗಿದ ಅಂಗಡಿಯ ಕಟ್ಟೆ, ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲದ ಬಸ್ ನಿಲುಗಡೆ, ಚಹಾದಂಗಡಿಯಲ್ಲಿ ಕೆಲವರಿಗಾಗಿಯೇ ಬೇರೆಯಿಟ್ಟ ಲೋಟ, ಎಲ್ಲವೂ ನನ್ನ ಕೈಯಲ್ಲಿ ‘ಮಾನ್ಯರೇ’ ಎಂದು ಆರಂಭವಾಗಿ ಉತ್ತರವಿಲ್ಲದೆ ಮುಗಿದಿವೆ. ಉತ್ತರ ಬಂದರೂ ಒಂದೇ ಸಾಲು: ‘ತಮ್ಮ ಮನವಿಯನ್ನು ಪರಿಶೀಲಿಸಲಾಗುವುದು.’ ಹೀಗೆ ಬರೆದವರು ನನ್ನ ಲಗತ್ತುಗಳನ್ನು ಬಿಡಿಸಿಯೂ ನೋಡಿರುವುದಿಲ್ಲ ಎಂಬುದೇ ನನ್ನ ಬದುಕಿನ ದೊಡ್ಡ ದುಃಖ.

ಎರಡನೆಯ ದುಃಖ ಒಂದು ರಸ್ತೆಯದು. ನಾನು ಬಬಲೇಶ್ವರದ ಕಡೆ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತೇನೆ. ನನ್ನ ಹೆಂಡತಿ ಶಾಂತಾ ಜೈನಾಪುರದ ಆಚೆ ಒಂದು ಸಣ್ಣ ಶಾಲೆಯಲ್ಲಿ. ಮದುವೆಯಾದ ಮರುವರ್ಷ ಕೊಂಡ ಬೈಕಿನ ಮೇಲೆ, ವಿಜಯಪುರದಿಂದ, ದಿನವೂ ನಾನು ಮುಂದೆ, ಅವಳು ಹಿಂದೆ. ಅವಳ ಶಾಲೆಗೆ ಒಳಗೆ ತಿರುಗುವ ದಾರಿಯಲ್ಲಿ ಗುಂಡಿಗಳ ನಡುವೆ ರಸ್ತೆಯನ್ನು ಹುಡುಕಬೇಕು. ಗುಂಡಿಯ ಏಟನ್ನು ನುಂಗಬೇಕಾದ, ಗಾಡಿಯ ಹಿಂದಿನ ಶಾಕ್ ಅಬ್ಸಾರ್ಬರುಗಳು ಎಣ್ಣೆ ಸೋರಿ ಯಾವಾಗ ಸತ್ತವೋ ನನಗೆ ತಿಳಿಯದು. “ಅವನ್ನರ ಬದಲಿ ಮಾಡಸ್ರಿ” ಎಂದು ಶಾಂತಾ ಅಂದಾಗಲೆಲ್ಲ ನಾನು ತತ್ತ್ವ ಹೇಳುತ್ತಿದ್ದೆ: ಕೆಟ್ಟಿರುವುದು ರಸ್ತೆ, ಗಾಡಿಯನ್ನು ರಿಪೇರಿ ಮಾಡುವುದೆಂದರೆ ಅನ್ಯಾಯದೊಂದಿಗೆ ರಾಜಿ. ಪ್ರಜೆಗಳೆಲ್ಲ ಮೆತ್ತಗೆ ಕುಳಿತುಬಿಟ್ಟರೆ ಗುಂಡಿಗಳ ವಿರುದ್ಧ ಸಾಕ್ಷಿ ಹೇಳುವವರು ಯಾರು?

ಸಾಕ್ಷಿ ಹೋದ ತಿಂಗಳು ಮನೆಯಲ್ಲೇ ಸಿಕ್ಕಿತು. ಶಾಂತಾಳ ಸೊಂಟ ಹಿಡಿದುಕೊಂಡಿತು; ವೈದ್ಯರು ಒಂದು ಚೀಟಿ ಬರೆದುಕೊಟ್ಟರು. ಅವಳು ಗೋಡೆ ಹಿಡಿದು ನಿಂತಿದ್ದಾಗ ನಾನು ಆ ಚೀಟಿ ಹಿಡಿದು ಗಾಂಧಿ ಚೌಕದ ಝೆರಾಕ್ಸ್ ಅಂಗಡಿಗೆ ಓಡಿದೆ. ಆರು ಕಚೇರಿಗಳಿಗೆ ಆರು ಪ್ರತಿ. ‘ಲಗತ್ತು ಒಂದು: ಸದರಿ ರಸ್ತೆಯಿಂದ ಹಾನಿಗೊಳಗಾದ ಸೊಂಟದ ವೈದ್ಯಕೀಯ ದಾಖಲೆ.’ ಅಷ್ಟು ಗಟ್ಟಿಯಾದ ಲಗತ್ತು ನನಗೆ ಹಿಂದೆಂದೂ ದೊರೆತಿರಲಿಲ್ಲ. ಅಂದು ರಾತ್ರಿ ನಾನು ಸುಖವಾಗಿ ನಿದ್ದೆ ಹೋದೆನೆಂದು ನೆನಪು.

ಶಾಂತಾ ಮಾತ್ರ ರಜೆ ಹಾಕಿ ಮಲಗಿದ್ದವಳು, ದಿನಕ್ಕೊಮ್ಮೆ “ನಾ ಇನ್ನ ನಿಮ್ಮ ಹಿಂದ ಕುಂದರೂದಿಲ್ಲ” ಎನ್ನತೊಡಗಿದಳು. ಅವಳ ಅಕ್ಕನ ಮಗಳ ಕುಬಸ ಕಳ್ಳಕವಟಗಿಯಲ್ಲಿ ಭಾನುವಾರ. ತುಂಬಿದ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಆ ಕಾರ್ಯಕ್ಕೆ ಚಿಕ್ಕಮ್ಮ ಹೋಗದಿದ್ದರಾದೀತೇ? ಕೊನೆಗೆ ನಾನು ತತ್ತ್ವವನ್ನು ಮಡಚಿಟ್ಟು ಒಂದು ಜೊತೆ ಹೊಸ ಶಾಕ್ ತಂದೆ. ಗ್ಯಾರೇಜಿಗೆ ಒಯ್ಯಲಿಲ್ಲ. ಶ್ರಮದ ಘನತೆಯನ್ನು ಬೋಧಿಸುವವನು ತನ್ನ ಕೈಗೆ ಗ್ರೀಸ್ ಹತ್ತದಂತೆ ಬದುಕುವುದೂ ಒಂದು ಅನ್ಯಾಯವೇ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಏರಿಸಿ ಪಾನಾದಿಂದ ಬೋಲ್ಟು ತಿರುವಿ ಎರಡೂ ಬದಿಯ ಶಾಕ್ ಬಿಚ್ಚಿದೆ. ಹಿಂದಿನ ಗಾಲಿ ದಡಕ್ಕನೆ ಕೆಳಗೆ ಬಿತ್ತು. ಹೊಸದನ್ನು ಹಿಡಿದರೆ ಮೇಲಿನ ಬೋಲ್ಟು ಕೂತಿತು, ಕೆಳಗಿನದು ಎರಡು ಬೆರಳು ದೂರ. ಪಕ್ಕದ ಮನೆಯ ಬಸಪ್ಪಣ್ಣ, ಗ್ಯಾರೇಜು ನಡೆಸಿ ದಣಿದ ಮನುಷ್ಯ, ಗೋಡೆಯ ಮೇಲಿಂದ ಇಣುಕಿದ.

“ಯಪ್ಪಾ! ಎರಡೂ ಒಮ್ಮೆಲೇ ಬಿಚ್ಚೀರೇನ್ರಿ ಮಾಸ್ತರ? ಒಂದು ಬಿಚ್ಚಿ, ಹೊಸಾದು ಕೂಡ್ರಿಸಿ, ಆಮ್ಯಾಲೆ ಇನ್ನೊಂದಕ್ಕ ಕೈ ಹಚ್ಚಬೇಕ್ರಿ.”

“ಒಂದರ ಮ್ಯಾಲ ಎಲ್ಲಾ ಭಾರ ಹಾಕಿ ಇನ್ನೊಂದನ್ನ ಬಿಡಸೂದು ನ್ಯಾಯ ಏನು ಬಸಪ್ಪಣ್ಣ?”

“ಶಾಕಿಗೂ ಯೂನಿಯನ್ ಕಟ್ಟವರೇನ್ರಿ ನೀವು?” ಎನ್ನುತ್ತ ಅವನು ಒಳಗೆ ಬಂದ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಶಾಂತಾಳತ್ತ ತಿರುಗಿ, “ಅಕ್ಕಾರ, ಒಂದು ಕುಂದರೂ ಮಣಿ ಎಲ್ಲೈತಿ ಹೇಳ್ರಿ, ನೀವು ಬಗ್ಗಬ್ಯಾಡ್ರಿ” ಎಂದ. ಮಣೆಯ ಅಂಚಿನ ಮೇಲೆ ಹಾರೆಯಿಟ್ಟು ಗಾಲಿಯನ್ನು ಎತ್ತಿ ಹಿಡಿದ. ನಾನು ಬೋಲ್ಟು ತೂರಿಸಿದೆ. ಎರಡೂ ಬದಿ ಮುಗಿದ ಮೇಲೆ ಅವನು ಹಳೆಯ ಶಾಕನ್ನು ನೆಲಕ್ಕೊತ್ತಿ ನೋಡಿದ. ಕೆಳಗೆ ಹೋದದ್ದು ಮೇಲೆ ಬರಲೇ ಇಲ್ಲ.

“ಇದರಾಗ ಜೀವಾನ ಇಲ್ಲಲ್ರಿ. ಇಷ್ಟು ವರ್ಷ ಇದರ ಕೆಲಸ ಯಾರು ಮಾಡ್ಯಾರ?”

ಶಾಂತಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋದಳು.

ನಾನು ಸೀಟು ಒರೆಸಿ, ಒತ್ತಿ ನೋಡಿದೆ. ಉಸಿರಾಡಿದಂತೆ ಇಳಿದು ಏರಿತು. ಶಾಂತಾ ಇಳಕಲ್ ಸೀರೆಯುಟ್ಟು, ಉಡಿಯ ಸಾಮಾನಿನ ಚೀಲ ಹಿಡಿದು ಬಂದವಳು ಗಾಡಿಯನ್ನು ದಾಟಿ ಗೇಟಿನತ್ತ ನಡೆದಳು.

“ಎಲ್ಲಿಗೆ? ಹೊಸಾವು ಹಾಕೇನಿ ನೋಡು!”

“ಬಸ್ಸಿಗೆ ಹೋಗ್ತೇನ್ರಿ. ತಿಕೋಟಾದಾಗ ಅಕ್ಕ ರಿಕ್ಷಾ ಕಳಸ್ತಾಳ. ಡಾಕ್ಟರ್ ಚೀಟಿ ಓದೀರಿಲ್ಲೋ?”

“ಓದದ ಬಿಡ್ತೇನೇನು? ಆರು ಕಚೇರಿಗೆ ಕಳಿಸೇನಿ!”

“ಕಡೀ ಸಾಲು?”

ಫೈಲು ತಂದು ಬಿಡಿಸಿದೆ. ಲಗತ್ತು ಒಂದು. ಕೊನೆಯ ಸಾಲು, ಕೆಳಗೆ ಎರಡು ಗೆರೆ, ಝೆರಾಕ್ಸಿನಲ್ಲಿ ಇನ್ನೂ ಕಪ್ಪಾಗಿ ಮೂಡಿತ್ತು: ‘ದ್ವಿಚಕ್ರ ವಾಹನದಲ್ಲಿ ಇನ್ನು ಮುಂದೆ ಕೂರಲೇಬಾರದು.’

“ಬೆಳಿಗ್ಗೆನ ಹೇಳಬಾರದಿತ್ತೇನು?”

“ತಿಂಗಳಾತು, ದಿನಾ ಹೇಳಾಕತ್ತೇನಿ. ನೀವು ಪಾನಾ ಹಿಡಕೊಂಡು ಕುಂತ್ರಿ.” ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಗೇಟು ತೆರೆದು ಅವಳು ಒಮ್ಮೆ ತಿರುಗಿದಳು. “ರಜಾ ಮುಗೀತು. ನಾಳಿಂದ ನಾ ಸಾಲಿಗೆ ಹೆಂಗ ಹೋಗ್ಲಿ ಅನ್ನೂದನ್ನರ ವಿಚಾರ ಮಾಡ್ರಿ.”

ಗ್ರೀಸು ಮೆತ್ತಿದ ಕೈಯಲ್ಲಿ ಆ ಹಾಳೆ ಹಿಡಿದು ನಿಂತಿದ್ದ ನನ್ನ ಬಾಯಿಂದ, ನಾನು ಕರೆಯದೆಯೇ, ಒಂದು ಮಾತು ಹೊರಬಿತ್ತು:

“ಪರಿಶೀಲಿಸಲಾಗುವುದು.”